ಹೋಗ್ಲಿ ಬುಡು ಅನ್ನುತ್ತಿದ್ದವಳು

ಅವಳು ತೀರಿಕೊಂಡ ಸುದ್ದಿಯನ್ನು ತಂದವನು ಮಧುಗಿರಿ ಬಸ್ಸಿನ ಕಂಡಕ್ಟರ್. ಕೊರಟಗೆರೆಯಲ್ಲಿ ನಮ್ಮ ಮನೆ ಬಸ್ಸು ನಿಲ್ಲುವ ಜಾಗಕ್ಕೆ ಹತ್ತಿರ. ಅವನು ಮೆಟ್ಟಿಲ ಮೇಲೆ ನಿಂತುಕೊಂಡೇ ಕೂಗಿ ಹೇಳಿದ: "ಮೇಷ್ಟ್ರಮ್ಮಾರೆ, ನಿಮ್ ಸ್ನೇಹಿತ್ರು, ಅದೇ ಮಂಡಿಯೋರ ಮಗಳು, ನೆನ್ನೆ ಹೋಗ್ಬುಟ್ರಂತೆ. ಕಾಮಾಲೆಯಂತೆ." ಬಸ್ಸು ಹೊರಡುವ ಮೊದಲು, ಅವಳ ಬಗ್ಗೆ ಎಲ್ಲರೂ ಆಡುತ್ತಿದ್ದ ಮಾತನ್ನು ಅವನೂ ಸೇರಿಸಿದ: "ಎಂಥಾ ಗುಣ ಅಂತೀರಿ. ಚಿಲ್ರೆ ಇಲ್ಲ ಅಂದ್ರೆ ಹೋಗ್ಲಿ ಬುಡು ಅಂತಿದ್ರು. ಅಂಥೋರು ಸಿಗಾಕಿಲ್ಲ."

ನನಗೆ ಅಳು ಬರುವುದಕ್ಕೂ ಮುಂಚೆ ಹೊಟ್ಟೆಕಿಚ್ಚು ಬಂತು. ಸತ್ತವಳ ಮೇಲೆ ಹೊಟ್ಟೆಕಿಚ್ಚೇ ಎಂದು ಯಾರಾದರೂ ಕೇಳಿದರೆ ಕೇಳಲಿ. ಬುದ್ಧಿ ತಿಳಿದಾಗಿನಿಂದ ಪಟ್ಟಿದ್ದನ್ನು ಒಂದು ಸುದ್ದಿ ಬಂದ ಕೂಡಲೇ ಕೈಬಿಡಲು ನನ್ನಿಂದ ಆಗುವುದಿಲ್ಲ. ಅವಳ ಒಡವೆ, ಬಟ್ಟೆ, ಬಣ್ಣ ಇವುಗಳಿಗೆ ನಾನು ಕರುಬಲಿಲ್ಲ. ಅವು ಎಲ್ಲರ ಕಣ್ಣಿಗೂ ಬೀಳುತ್ತಿದ್ದವು, ಬೀಳಲಿ. ನಾನು ಕರುಬಿದ್ದು ಎಲ್ಲರೂ ಹೊಗಳುತ್ತಿದ್ದ ಆ ಗುಣಕ್ಕೆ. ಆ ಗುಣವೂ ಅವರಪ್ಪನ ಮಂಡಿಯಿಂದಲೇ ಬಂದದ್ದು ಎಂದು ನಾನೊಬ್ಬಳು ಬಲ್ಲೆ.

ಎರಡನೇ ಕ್ಲಾಸಿನಲ್ಲಿ ಓದುವ ನನ್ನ ಮಗಳು ಬಾಗಿಲ ಸಂದಿಯಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. "ದೊಡ್ಡಮ್ಮ ಇನ್ನ ಬರಲ್ವಾ?" ಎಂದಳು. ಇಲ್ಲ ಎಂದೆ. ನನ್ನ ಹತ್ತಿರ ಬರಲಿಲ್ಲ, ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಕೂತಳು. ನನ್ನ ಮಗಳು ಅಳುವಾಗ ಸದ್ದು ಬರುವುದಿಲ್ಲ, ಬೆನ್ನು ಮಾತ್ರ ಅಲುಗುತ್ತದೆ. ಚಿಕ್ಕಂದಿನಲ್ಲಿ ನಾನೂ ಹಾಗೆಯೇ ಅಳುತ್ತಿದ್ದೆ.

ಮಧುಗಿರಿಯಲ್ಲಿ ನಾವಿಬ್ಬರೂ ಒಂದೇ ಬೀದಿಯವರು. ಬೀದಿಯ ಆ ತುದಿಯಲ್ಲಿ ಅವರ ಮನೆ, ಮನೆಗೆ ಅಂಟಿದ ಹಾಗೆ ಕಡಲೆಕಾಯಿ ಮಂಡಿ. ಈ ತುದಿಯಲ್ಲಿ ನಮ್ಮದು. ಅವರಪ್ಪ ಮಂಡಿಯ ಯಜಮಾನರು, ನಮ್ಮಪ್ಪ ಅದೇ ಮಂಡಿಯಲ್ಲಿ ಮೂಟೆ ಹೊರುತ್ತಿದ್ದ. ಶಾಲೆಗೆ ಇಬ್ಬರೂ ಒಟ್ಟಿಗೆ ಹೋಗುತ್ತಿದ್ದೆವು. ಅವಳು ಕೈ ಬೀಸಿಕೊಂಡು, ತಲೆ ಎತ್ತಿ, ಬೆಟ್ಟದ ಮೇಲೆ ಮೋಡ ಎಲ್ಲಿದೆ ಎಂದು ನೋಡುತ್ತಾ ನಡೆಯುವಳು. ನಾನು ನೆಲ ನೋಡಿಕೊಂಡು ನಡೆಯುವೆ. ಮುಳ್ಳು ಚುಚ್ಚೀತು ಎಂಬ ಭಯ ಒಂದು, ಯಾರದಾದರೂ ಏನಾದರೂ ಬಿದ್ದಿದ್ದರೆ ಸಿಕ್ಕೀತು ಎಂಬ ಆಸೆ ಇನ್ನೊಂದು. ಇವತ್ತಿಗೂ ನನ್ನ ನಡಿಗೆ ಹಾಗೆಯೇ ಇದೆ.

ಅವಳು ಕಳೆದುಕೊಂಡದ್ದನ್ನು ಹುಡುಕುತ್ತಿರಲಿಲ್ಲ. ಬಳಪ, ಟೇಪು, ಪುಸ್ತಕ ಎಲ್ಲವನ್ನೂ ಬಿಟ್ಟಲ್ಲಿ ಬಿಟ್ಟು ಬರುವಳು. ಒಂದು ಸಲ ಬೆಟ್ಟದ ಬುಡದಲ್ಲಿ ಆಡುವಾಗ ಕಿವಿಯ ಜುಮುಕಿಯನ್ನೇ ಬೀಳಿಸಿಕೊಂಡಳು. ಚಿನ್ನದ ಜುಮುಕಿ. ಇಡೀ ಕ್ಲಾಸು ಮಂಡಿಯೂರಿ ಹುಲ್ಲು ಕೆದಕುತ್ತಿದ್ದರೆ ಅವಳು ಕುಂಟೆಬಿಲ್ಲೆ ಆಡಲು ಜೊತೆ ಕರೆಯುತ್ತಿದ್ದಳು. ಅವರಮ್ಮ ಏನನ್ನುತ್ತಾರೋ ನೋಡಲೇಬೇಕು ಎಂದು ನಾನು ಅವಳ ಹಿಂದೆಯೇ ಅವರ ಮನೆಗೆ ಹೋದೆ. ಅವರಮ್ಮ ಬರಿ ಕಿವಿಯನ್ನು ಮುಟ್ಟಿ ನೋಡಿ, "ಕಿವಿ ಅರ್ದಿಲ್ಲ ತಾನೆ? ಹೋಗ್ಲಿ ಬುಡು ಮಗ" ಎಂದರು. ಇಬ್ಬರಿಗೂ ಕೋಡುಬಳೆ ಕೊಟ್ಟರು.

ಅದಾಗಿ ಸ್ವಲ್ಪ ದಿನಕ್ಕೇ ನನ್ನ ಸ್ಲೇಟು ಒಡೆಯಿತು. ನಾನು ಮನೆಗೆ ಹೋಗದೆ ಊರಾಚೆಯ ದಾಳಿಂಬೆ ತೋಟದ ಬೇಲಿಯ ಹಿಂದೆ ಕತ್ತಲಾಗುವವರೆಗೆ ಕೂತಿದ್ದೆ. ಕೊನೆಗೆ ನಮ್ಮವ್ವನೇ ಹುಡುಕಿಕೊಂಡು ಬಂದಳು. ಮೊದಲು ಹೊಡೆದಳು, ಆಮೇಲೆ ತಬ್ಬಿಕೊಂಡು ತಾನೂ ಅತ್ತಳು. "ಸಿಲೇಟು ಯಾವ್ ಮರ್ದಾಗೆ ಬಿಡ್ತದೆ ಅನ್ಕಂಡಿದ್ದೀಯೆ? ಇನ್ನೊಂದು ಎಲ್ಲಿಂದ ತರಾನೆ?" ನಮ್ಮವ್ವ ಕೆಟ್ಟವಳಲ್ಲ. ಹೋಗ್ಲಿ ಬುಡು ಎಂದು ಹೇಳಬೇಕಾದರೆ, ಹೋದದ್ದು ಮತ್ತೆ ಬರುತ್ತದೆ ಎನ್ನುವ ಧೈರ್ಯ ಬೇಕು. ನಮ್ಮ ಮನೆಯಲ್ಲಿ ಹೋದದ್ದು ಹೋದದ್ದೇ.

ಇನ್ನು ಮಂಡಿಯ ಹಾಡಿನ ವಿಷಯ ಹೇಳಬೇಕು. ಬಿತ್ತನೆಗೆ ಬೇಕಾದ ಕಡಲೆಬೀಜವನ್ನು ಮಿಷನ್ನಿಗೆ ಹಾಕುವ ಹಾಗಿಲ್ಲ, ಬೀಜ ಒಡೆದು ಮೊಳಕೆ ಬರುವುದಿಲ್ಲ. ಕೈಯಲ್ಲೇ ಸುಲಿಯಬೇಕು. ಪಾವಗಡ, ಶಿರಾ ಕಡೆಯಿಂದ ಗಾಡಿಗಳಲ್ಲಿ ಬಂದ ಕಾಯಿಯನ್ನು ಮಂಡಿಯ ಪಡಸಾಲೆಯಲ್ಲಿ ರಾಶಿ ಹಾಕಿ, ಸುಲಿಯಲು ಬೀದಿಯ ಹೆಂಗಸರನ್ನೂ ಹುಡುಗಿಯರನ್ನೂ ಕೂರಿಸುತ್ತಿದ್ದರು. ನಾನೂ ನಮ್ಮವ್ವನೂ ಆ ಗುಂಪಿನಲ್ಲಿ. ಸುಲಿಯುವವರು ಬೀಜ ತಿನ್ನಬಾರದು. ಅದಕ್ಕೆ ಯಜಮಾನರು ಕಂಡುಹಿಡಿದ ಉಪಾಯ ಹಾಡು. ಕೂತವರೆಲ್ಲ ಹಾಡುತ್ತಲೇ ಇರಬೇಕು, ಹಾಡುವ ಬಾಯಿ ಅಗಿಯುವುದಿಲ್ಲ ಎಂಬುದು ಅವರ ಲೆಕ್ಕ. ಗುಮಾಸ್ತರು ಕಂಬಕ್ಕೆ ಒರಗಿ ಕಣ್ಣು ಮುಚ್ಚಿಕೊಂಡಿರುವರು. ಒಂದು ದನಿ ಕಡಿಮೆಯಾದರೆ ಸಾಕು, ಕಣ್ಣು ಬಿಡುವರು. "ಯಾರವ್ವಾ ಅದು ನಿಂತಿದ್ದು? ಬಾಯ್ ತೆಗಿ."

ಕೆಮ್ಮು ಬಂದು ನಿಂತರೂ ಬಾಯಿ ತೆರೆದು ತೋರಿಸಬೇಕು. ಮದುವೆಯಾದ ಹೆಂಗಸರೂ ಮಕ್ಕಳ ಎದುರಿಗೆ ನಾಲಿಗೆ ಎತ್ತಿ ತೋರಿಸುತ್ತಿದ್ದರು. ಗಂಟಲು ಒಣಗಿದರೂ ಹಾಡು ನಿಲ್ಲುವಂತಿಲ್ಲ. ಬೀಸುವ ಪದ, ಮದುವೆಯ ಪದ, ಗೊತ್ತಿದ್ದುದೆಲ್ಲ ಮುಗಿದ ಮೇಲೆ ಮೊದಲಿನಿಂದ ಶುರು. ಹಸಿದ ಹೊಟ್ಟೆ, ತೊಡೆಯ ಮುಂದೆ ಬೀಜದ ರಾಶಿ, ಬಾಯಲ್ಲಿ ಹಾಡು. ನನಗೆ ಚೆನ್ನಾಗಿ ಹಾಡಲು ಬಂದದ್ದು ಹಾಗೆ.

ಅವಳು ಸಾಯಂಕಾಲ ಮುಖ ತೊಳೆದು, ಶಿರಾದ ಸಾಬರು ಗಂಟಿನಲ್ಲಿ ಹೊತ್ತು ತರುತ್ತಿದ್ದ ವಾಯಿಲ್ ಬಟ್ಟೆಯ ಲಂಗ ಉಟ್ಟುಕೊಂಡು ಬಂದು ನನ್ನ ಪಕ್ಕದಲ್ಲೇ ಕೂರುವಳು. ಆಟಕ್ಕೆ ಸುಲಿಯುವಳು, ಸುಲಿದದ್ದನ್ನು ತಿನ್ನುವಳು. "ನೀವು ಎಷ್ಟ್ ಖುಷಿಯಾಗಿ ಹಾಡ್ತೀರ ಕಣೇ. ನಮ್ಮನೇಲಿ ಯಾರೂ ಹಾಡೋದೇ ಇಲ್ಲ" ಎನ್ನುವಳು. ಒಂದು ದಿನ ಹಾಗೆಯೇ ಮಾತಾಡುತ್ತಾ ಒಂದು ಹಿಡಿ ಬೀಜ ನನ್ನ ಬಾಯಿಗೆ ತುರುಕಿದಳು. ನನ್ನ ದನಿ ನಿಂತಿತು. ಗುಮಾಸ್ತರು ಕಣ್ಣು ಬಿಟ್ಟು, "ಬಾಯ್ ತೆಗಿ" ಎಂದರು. ತೆಗೆದೆ.

"ನಾನೇ ಕೊಟ್ಟಿದ್ದು" ಎಂದಳು ಅವಳು, ನಗುತ್ತಾ.

"ಓ, ಪುಟ್ಟಮ್ಮಾವ್ರು ಕೊಟ್ರಾ. ಅಂಗಾರೆ ತಿನ್ನವ್ವಾ" ಎಂದು ಗುಮಾಸ್ತರೂ ನಕ್ಕರು.

ಅವಳ ಪಾಲಿಗೆ ವಿಷಯ ಅಲ್ಲಿಗೆ ಮುಗಿಯಿತು. ನನಗೆ ಮನೆಯಲ್ಲಿ ಕಾದಿತ್ತು. "ಅವ್ರು ಕೊಟ್ರು ಅಂತ ನೀನು ಬಾಯ್ ಬುಡೋದಾ? ನಾಳಿಂದ ಬರ್ಬ್ಯಾಡಿ ಅಂದ್ಬುಟ್ರೆ ಎಲ್ಲಿಗೋಗಾನೆ?" ಎಂದು ನಮ್ಮವ್ವ ಅದೇ ಬಾಯಿಯ ಮೇಲೆ ಬಾರಿಸಿದಳು. ಮಾರನೆಯ ದಿನ ಅವಳು ಮತ್ತೆ ಬಂದು, ಮತ್ತೆ ಕೊಡಲು ನೋಡಿದಳು. ನಾನು ಮುಖ ತಿರುಗಿಸಿಕೊಂಡೆ. "ಇವಳಿಗೆ ಎಷ್ಟು ಜಂಬ ನೋಡಿ" ಎಂದು ಪಕ್ಕದ ಹೆಂಗಸು ಅಂದಳು. ನೋಡಿದಿರಾ, ಒಳ್ಳೆಯವಳು ಎಂಬ ಹೆಸರು ಅವಳಿಗೆ, ಜಂಬದವಳು ಎಂಬ ಹೆಸರು ನನಗೆ.

ಪೆಪ್ಪರಮೆಂಟು, ಸೀಬೆಕಾಯಿ ಏನೇ ಸಿಕ್ಕರೂ ಅವಳು ಕಾಗೆ ಎಂಜಲು ಮಾಡಿ ಕೊಡುವಳು, ಎಂದರೆ ಲಂಗದ ಅಂಚಿನಲ್ಲಿ ಸುತ್ತಿ, ಎಂಜಲು ತಾಗದ ಹಾಗೆ ಬಟ್ಟೆಯ ಮೇಲಿಂದ ಕಚ್ಚಿ ಎರಡು ಮಾಡುವುದು. ದೊಡ್ಡ ತುಂಡು ಯಾವಾಗಲೂ ನನಗೆ. ಕಚ್ಚಿ ಕಚ್ಚಿ ಅವಳ ಲಂಗಗಳ ಅಂಚೆಲ್ಲ ತೂತು, ಅದಕ್ಕೂ ಅವರಮ್ಮನದು ಹೋಗ್ಲಿ ಬುಡು. ಒಂದು ಸಲ ನನಗೂ ಒಂದು ಪೆಪ್ಪರಮೆಂಟು ಸಿಕ್ಕಿತು. ಇವತ್ತು ನಾನು ದೊಡ್ಡದನ್ನು ಕೊಡುತ್ತೇನೆ ಎಂದು ಮನಸ್ಸು ಗಟ್ಟಿ ಮಾಡಿಕೊಂಡೇ ಕಚ್ಚಿದೆ. ಬಟ್ಟೆ ಬಿಚ್ಚಿ ನೋಡಿದರೆ ಹಲ್ಲು ತನ್ನಷ್ಟಕ್ಕೆ ತಾನೇ ಅಳತೆ ಮಾಡಿತ್ತು, ಅವಳ ಪಾಲಿನದು ಚಿಕ್ಕದಾಗಿತ್ತು. ಅವಳು ಚಿಕ್ಕದನ್ನು ತೆಗೆದುಕೊಂಡು ಬಾಯಿಗೆ ಹಾಕಿಕೊಂಡಳು, ಗಮನಿಸಲೂ ಇಲ್ಲ. ಗಮನಿಸಿದ್ದರೆ ನನಗೆ ಅಷ್ಟು ಉರಿಯುತ್ತಿರಲಿಲ್ಲ.

ನಾವು ಟೀಚರ್ಸ್ ಟ್ರೈನಿಂಗ್ ಮುಗಿಸುವ ಹೊತ್ತಿಗೆ ಅವಳ ತಂದೆ ಇದ್ದಕ್ಕಿದ್ದ ಹಾಗೆ ಹೋಗಿಬಿಟ್ಟರು. ಚಿಕ್ಕಪ್ಪಂದಿರು ಪಾಲು ಮಾಡಿಕೊಂಡರು. ಮಂಡಿ ಅವರಿಗೆ, ಹಿತ್ತಲ ಕಡೆಯ ಎರಡು ಕೋಣೆ ಇವಳಿಗೂ ಅಮ್ಮನಿಗೂ. ಊರೆಲ್ಲ ಪಾಪ ಎಂದಿತು. ನಾನೂ ಎಂದೆ. ಆದರೆ ಒಳಗೊಳಗೆ, ಈಗ ನೋಡೋಣ ಎಂದುಕೊಂಡೆ. ಇನ್ನು ಮೇಲೆ ಅವಳೂ ಕೆಳಗೆ ನೋಡಿಕೊಂಡು ನಡೆಯುತ್ತಾಳೆ, ಚಿಕ್ಕ ತುಂಡನ್ನು ಕೊಡುತ್ತಾಳೆ, ಬಳಪ ಕಳೆದರೆ ಹುಡುಕುತ್ತಾಳೆ ಎಂದು ಕಾದೆ.

ನಮ್ಮಿಬ್ಬರಿಗೂ ಪಾವಗಡದ ಆಚೆಯ ಒಂದೇ ಶಾಲೆಯಲ್ಲಿ ಕೆಲಸವಾಯಿತು. ಊರಿನಲ್ಲಿ ತೆಲುಗೇ ಹೆಚ್ಚು. ಒಂದು ಕೋಣೆ ಬಾಡಿಗೆಗೆ ಹಿಡಿದು ಒಟ್ಟಿಗೆ ಇದ್ದೆವು, ಹಾಗಾಗಿ ನನಗೆ ಅವಳನ್ನು ಹತ್ತಿರದಿಂದ ನೋಡುವ ಅವಕಾಶವೂ ಸಿಕ್ಕಿತು. ಅವಳ ಸಂಬಳದಲ್ಲೇ ಅಮ್ಮನ ಊಟ, ಔಷಧ ಎಲ್ಲ ನಡೆಯಬೇಕು. ಆದರೂ ಸೀಮೆಎಣ್ಣೆ ಕೇಳಿ ಬಂದ ಪಕ್ಕದ ಮನೆಯವರಿಗೆ ಬಾಟಲಿ ಬಗ್ಗಿಸಿ ಕೊಡುವಳು, ಸಂಜೆ ನಾವು ಕತ್ತಲಲ್ಲಿ ಕೂರುವೆವು. ಡಬ್ಬಿಗಳ ಮುಚ್ಚಳ ಹಾಕುತ್ತಿರಲಿಲ್ಲ. ಬೆಲ್ಲಕ್ಕೆ ಇರುವೆ ಬಂದರೆ, "ತಿಂದ್ಕಳ್ಲಿ ಬುಡು" ಎನ್ನುವಳು. ನನ್ನ ಬೆಲ್ಲ ಟ್ರಂಕಿನೊಳಗೆ, ಟ್ರಂಕಿಗೆ ಬೀಗ, ಬೀಗದ ಕೈ ತಾಳಿಯಿಲ್ಲದ ನನ್ನ ಕೊರಳಲ್ಲಿ. ತಂದೆ ಇದ್ದಾಗ ಶಿರಾದ ಕಡೆ ಒಪ್ಪಿಗೆಯಾಗಿದ್ದ ಸಂಬಂಧವನ್ನು ಗಂಡಿನವರು ಬೇಡ ಎಂದು ಹೇಳಿ ಕಳಿಸಿದ ದಿನ ಅವಳು ಸೊಪ್ಪು ಬಿಡಿಸುತ್ತಿದ್ದಳು. "ಪೋನೀಲೇ" ಎಂದಳು. ತೆಲುಗಿನಲ್ಲಿ ಹೋಗ್ಲಿ ಬುಡು ಎಂದರೆ ಅದೇ. ಆ ಭಾಷೆಯಲ್ಲಿ ಅವಳು ಮೊದಲು ಕಲಿತ ಮಾತೂ ಅದೇ.

ಮಿಕ್ಕ ತೆಲುಗು ಅವಳಿಗೆ ಕೊನೆಯವರೆಗೂ ಸರಿಯಾಗಿ ಬರಲಿಲ್ಲ. ದೊಡ್ಡವಳಾದ ಮೇಲೆ ಕಲಿತದ್ದಲ್ಲವೇ, ತಪ್ಪು ತಪ್ಪಾಗಿ ಮಾತಾಡುವಳು, ಮಕ್ಕಳು ನಗುವರು. ಅವಳ ಬಡತನವೂ ಹಾಗೆಯೇ ಇತ್ತು. ವಯಸ್ಸಾದ ಮೇಲೆ ಬಂದದ್ದು, ನಾಲಿಗೆಗೆ ಹತ್ತಲಿಲ್ಲ. ನನಗೆ ಸಂಬಳ ಬಂದದ್ದೂ ಹಾಗೆಯೇ ಇದ್ದಿರಬೇಕು. ಕೈಯಲ್ಲಿ ದುಡ್ಡಿತ್ತು, ಅದನ್ನು ನಂಬಲು ಬರುತ್ತಿರಲಿಲ್ಲ.

ಮಕ್ಕಳ ವಿಷಯದಲ್ಲಾದರೂ ನಾನೇ ಮೇಲು ಎಂದುಕೊಂಡಿದ್ದೆ, ಏಕೆಂದರೆ ಆ ಶಾಲೆಯ ಮಕ್ಕಳೆಲ್ಲ ನನ್ನಂಥವೇ. ಮಧ್ಯಾಹ್ನ ಶಾಲೆಯಲ್ಲಿ ಉಪ್ಪಿಟ್ಟು ಕೊಡುತ್ತಿದ್ದರು. ಒಬ್ಬ ಹುಡುಗಿ ತಿಂದ ಹಾಗೆ ಮಾಡಿ ಅರ್ಧವನ್ನು ಲಂಗದ ಮಡಿಕೆಗೆ ಸೇರಿಸುತ್ತಿದ್ದಳು, ಮನೆಯಲ್ಲಿದ್ದ ತಮ್ಮನಿಗೆ. ನಾನು ಮೊದಲ ದಿನವೇ ಕಂಡುಕೊಂಡೆ, ಏನೂ ಹೇಳದೆ ಅವಳ ಎಲೆಗೆ ಸ್ವಲ್ಪ ಹೆಚ್ಚು ಬೀಳುವ ಹಾಗೆ ನೋಡಿಕೊಂಡೆ. ಇವಳು ಅದನ್ನು ನೋಡಿದ್ದು ತಡವಾಗಿ. ನೋಡಿದವಳು ಕಣ್ಣಲ್ಲಿ ನೀರು ತಂದುಕೊಂಡು, "ಅಯ್ಯೋ ಮಗ, ಕೇಳ್ಬಾರ್ದಾ" ಎಂದು ಎಲ್ಲರ ಎದುರಿಗೆ ಅವಳ ಮಡಿಲು ತುಂಬಿಸಿದಳು. ನಾಚಿಕೆಯಿಂದ ಆ ಹುಡುಗಿ ಎಷ್ಟೋ ದಿನ ಶಾಲೆಗೇ ಬರಲಿಲ್ಲ. ಆದರೆ ಬಂದ ಮೇಲೆ ಓಡಿಹೋಗಿ ಸೆರಗು ಹಿಡಿದದ್ದು ಯಾರದ್ದು? ಇವಳದ್ದೇ. ಎಲ್ಲ ತಿಳಿದ ನನ್ನ ಹತ್ತಿರ ಒಂದು ಮಗುವೂ ಬರುತ್ತಿರಲಿಲ್ಲ.

ಒಂದು ಭಾನುವಾರ ಮನೆಯ ಯಜಮಾನಿಯ ಹಜಾರದಲ್ಲಿ ಕಡಲೆಕಾಯಿ ಸುಲಿಯಲು ಕೂತಿದ್ದೆವು. "ಈಗ್ಯಾಕೆ ನೀನು ಹಾಡೋದೇ ಇಲ್ಲ? ಆಗ ಎಷ್ಟ್ ಖುಷಿಯಾಗಿ ಹಾಡ್ತಿದ್ದೆ" ಎಂದು ಕೇಳಿದಳು. ಆಗ ಹೇಳಿಬಿಟ್ಟೆ. ಹಾಡಿಸಿದ್ದು ಯಾಕೆ, ಬಾಯಿ ತೆಗೆಸಿದ್ದು ಯಾಕೆ, ಅವಳು ತುರುಕಿದ ಒಂದು ಹಿಡಿ ಬೀಜಕ್ಕೆ ಮನೆಯಲ್ಲಿ ನನಗೆ ಏನಾಯಿತು, ಎಲ್ಲವನ್ನೂ. ಆ ಒಂದು ದಿನ ಅವಳು ಹೋಗ್ಲಿ ಬುಡು ಎನ್ನಲಿಲ್ಲ. "ನಂಗೆ ಯಾರೂ ಹೇಳ್ಲೇ ಇಲ್ವಲ್ಲೇ" ಎಂದು ಗಟ್ಟಿಯಾಗಿ ಅಳತೊಡಗಿದಳು. ಸಂಕೋಚವಿಲ್ಲದೆ, ಮುಖ ಮುಚ್ಚಿಕೊಳ್ಳದೆ, ಯಾರಾದರೂ ಬಂದು ಸಮಾಧಾನ ಮಾಡಿಯೇ ಮಾಡುತ್ತಾರೆ ಎಂಬ ನಂಬಿಕೆಯಿಂದ ಅಳುವ ಅಳು ಅದು. ಯಜಮಾನಿ ಒಳಗಿನಿಂದ ಬಂದು, "ಏಮಾಯಿಂದಮ್ಮಾ? ಆ ಹುಡ್ಗಿನ ಏನಂದೆ ನೀನು?" ಎಂದು ನನ್ನನ್ನೇ ಗದರಿದಳು. ಕೊನೆಗೆ ಅವಳ ಕಣ್ಣೊರೆಸಿ ನೀರು ಕುಡಿಸಿದವಳು ನಾನು. ಪೆಟ್ಟು ತಿಂದವಳು ನಾನು, ಸಮಾಧಾನ ಅವಳಿಗೆ.

ಆಮೇಲೆ ನನ್ನ ಮದುವೆಯಾಯಿತು. ನನ್ನವರು ಕೊರಟಗೆರೆಯಲ್ಲಿ ಮೇಷ್ಟ್ರು, ನನಗೂ ಇಲ್ಲಿಗೇ ವರ್ಗವಾಯಿತು. ಅವಳು ಮಧುಗಿರಿಗೆ ವರ್ಗ ಮಾಡಿಸಿಕೊಂಡು ಅಮ್ಮನ ಜೊತೆ ಆ ಹಿತ್ತಲ ಕೋಣೆಯಲ್ಲೇ ಉಳಿದಳು. ಬಿಡುವಾದಾಗಲೆಲ್ಲ ಬಸ್ಸು ಹತ್ತಿ ನಮ್ಮ ಮನೆಗೆ ಬರುವಳು. ಬರುವಾಗ ಚೀಲದ ತುಂಬ ದಾಳಿಂಬೆ. ಯಾಕೆ ಇಷ್ಟೊಂದು ತಂದೆ ಎಂದು ನಾನು ಗೊಣಗುವುದರೊಳಗೆ ಮಗಳು ಅವಳ ತೊಡೆಯ ಮೇಲೆ ಹತ್ತಿ ಕೂತಿರುವಳು.

ಹೋದ ವರ್ಷ ಅವಳು ಹಾಗೆ ಬಂದಿದ್ದಾಗಲೇ ಒಳಗೆ ಏನೋ ಒಡೆದ ಸದ್ದು ಕೇಳಿತು. ಹೋಗಿ ನೋಡಿದರೆ ಲಾಟೀನಿನ ಗಾಜು ಚೂರಾಗಿತ್ತು, ಮಗಳು ಕಾಣಲಿಲ್ಲ. ಹುಡುಕಿದವಳು ಅವಳೇ. ಮಂಚದ ಕೆಳಗೆ, ಗೋಡೆಗೆ ಒತ್ತಿಕೊಂಡು, ಒಂದಷ್ಟು ಚೂರುಗಳನ್ನು ಲಂಗದಲ್ಲಿ ಬಚ್ಚಿಟ್ಟುಕೊಂಡು ಮಗು ಕೂತಿತ್ತು. ಅಂಗೈಯಲ್ಲಿ ರಕ್ತ. ಸದ್ದಿಲ್ಲ. "ಗಾಜ್ ತಾನೆ, ಹೋಗ್ಲಿ ಬುಡು ಮಗ, ಬಾ" ಎಂದು ಅವಳು ಕೈ ಚಾಚಿದ ಕೂಡಲೇ ಈಚೆ ಬಂದಿತು. ಕೈಗೆ ಬಟ್ಟೆ ಕಟ್ಟಿ, ಒಂದು ಪೆಪ್ಪರಮೆಂಟು ತೆಗೆದು, ಸೆರಗಿನ ಅಂಚಿನಲ್ಲಿ ಕಾಗೆ ಎಂಜಲು ಮಾಡಿ ದೊಡ್ಡ ತುಂಡನ್ನು ಬಾಯಿಗಿಟ್ಟಳು. ಮಗು ನಗತೊಡಗಿತು. ನಾನು ಪೊರಕೆ ಹಿಡಿದು ನಿಂತಿದ್ದೆ.

ನನಗೆ ಸಿಟ್ಟು ಬಂತು, ಹೆದರಿಕೆಯೂ ಆಯಿತು. ನಮ್ಮದು ಎರಡು ಸಂಬಳದ ಮನೆ. ನಮ್ಮ ಮನೆಯಲ್ಲಿ ಒಂದು ಗಾಜು ದೊಡ್ಡದಲ್ಲ. ನಾನು ಆ ಮಗುವಿನ ಮೇಲೆ ಕೈ ಎತ್ತಿದವಳಲ್ಲ, ಸಾಮಾನಿನ ಮಾತಿಗೆ ಗಟ್ಟಿಯಾಗಿ ಬೈದವಳೂ ಅಲ್ಲ. ಮತ್ತೆ ದಾಳಿಂಬೆ ಬೇಲಿಯ ಹಿಂದೆ ಕೂತಿದ್ದ ಆ ಹುಡುಗಿ ನನ್ನ ಮನೆಯ ಮಂಚದ ಕೆಳಗೆ ಹೇಗೆ ಬಂದಳು? ಮಗು ಆಡಲು ಹೋದ ಮೇಲೆ ಅವಳನ್ನೇ ಕೇಳಿದೆ.

"ನಾನು ಒಂದ್ ಮಾತೂ ಅಂದಿಲ್ಲ ಕಣೇ. ಯಾಕೆ ಅಡಗಿಕೊಂತಾಳೆ?"

ಅವಳು ದಾಳಿಂಬೆ ಬಿಡಿಸುತ್ತಿದ್ದಳು. "ನೀನು ಅನ್ನಲ್ಲ" ಎಂದಳು. "ಏನಾದ್ರು ಬಿದ್ರೆ ನೀನು ಮೊದ್ಲು ಸಾಮಾನು ನೋಡ್ತೀಯ, ಆಮ್ಯಾಕೆ ಮಗೀನ ನೋಡ್ತೀಯ. ಅದು ನಿನ್ ಮುಖಾನೇ ನೋಡ್ತಿರ್ತದೆ."

ಅವಳ ಬಾಯಿಂದ ಆ ಮಾತು ಕೇಳಬೇಕಾಯಿತಲ್ಲ ಎಂದು ನನ್ನ ಹೊಟ್ಟೆ ಉರಿಯಿತು. ಮಂಡಿಯಲ್ಲಿ ಅಷ್ಟು ವರ್ಷ ಕೂತರೂ ಹಾಡಿನ ಅರ್ಥ ತಿಳಿಯದವಳು, ಉಪ್ಪಿಟ್ಟು ಬಚ್ಚಿಡುವ ಹುಡುಗಿಯನ್ನು ಕಾಣದವಳು ನನ್ನ ಮಗಳನ್ನು ಕಂಡಿದ್ದಳು. ಜುಮುಕಿ ಕಳೆದ ದಿನ ಅವರಮ್ಮ ಮೊದಲು ನೋಡಿದ್ದು ಇವಳ ಕಿವಿಯನ್ನು. ಹಾಗೆ ನೋಡಿಸಿಕೊಂಡು ಬೆಳೆದವಳಿಗೆ ಅದು ಗೊತ್ತಿರುತ್ತದೆ. ನನ್ನ ಮಗಳಿಗೆ ನಾನು ಹಾಲು, ಬಟ್ಟೆ, ಪುಸ್ತಕ ಎಲ್ಲ ಕೊಟ್ಟೆ, ಇದೊಂದನ್ನು ಎಲ್ಲಿಂದ ತರಲಿ ಎಂದು ತಿಳಿಯಲಿಲ್ಲ. ಅವಳು ಬಂದು ಹೋಗುತ್ತಿರುವಷ್ಟು ದಿನ ಮಗುವಿಗೆ ಅದು ಅವಳಿಂದ ಸಿಗುತ್ತಿತ್ತು. ಈಗ ಅವಳಿಲ್ಲ.

ಸುದ್ದಿ ಬಂದ ದಿನವೇ ಮಧುಗಿರಿಗೆ ಹೋಗಿ ಬಂದೆ. ಹಿತ್ತಲ ಕೋಣೆಯ ತುಂಬ ಜನ. ಶಾಲೆಯ ಮಕ್ಕಳು, ಆಳುಗಳು, ಬಸ್ಸಿನವರು. ಎಲ್ಲರ ಬಾಯಲ್ಲೂ ಆ ಗುಣದ ಮಾತು. ಅವರಮ್ಮ ನನ್ನ ಕೈ ಹಿಡಿದು, ಅವಳು ಟೀ ಕುಡಿಯುತ್ತಿದ್ದ ಹೂವಿನ ಚಿತ್ತಾರದ ಪಿಂಗಾಣಿ ಕಪ್ಪೊಂದನ್ನು ಕೊಟ್ಟರು. "ನಿನ್ ಮಗೀಗೆ ಕೊಡು ಅಂದಿದ್ಲು ಕಣವ್ವ" ಎಂದರು. ಬಸ್ಸಿನಲ್ಲಿ ಅದನ್ನು ಮಡಿಲಲ್ಲಿಟ್ಟುಕೊಂಡು ಕೂತೆ. ಆಗ ಅಳು ಬಂತು. ಅಭ್ಯಾಸದಂತೆ ಸದ್ದು ಮಾಡದೆ ಅತ್ತೆ.

ಮೊನ್ನೆ ಆ ಕಪ್ಪು ಒಡೆಯಿತು. ಮಗಳು ಅದರಲ್ಲಿ ಹಾಲು ಕುಡಿಯುತ್ತಿದ್ದಳು, ಕೈ ಜಾರಿತು. ನಾನು ಒಲೆಯ ಮುಂದೆ ಇದ್ದವಳು ಸದ್ದು ಕೇಳಿ ತಿರುಗಿದೆ. ದಾಳಿಂಬೆ ಬಿಡಿಸುತ್ತಾ ಸ್ನೇಹಿತೆ ಅಂದಿದ್ದ ಮಾತು ನೆನಪಿತ್ತು. ಚೂರುಗಳ ಕಡೆ ಕಣ್ಣು ಹೋಗದಂತೆ ತಡೆದು ಮಗುವಿನ ಮುಖವನ್ನೇ ಮೊದಲು ನೋಡಿದೆ. ಕೈ ಹಿಂದೆ ಕಟ್ಟಿಕೊಂಡು ನಿಂತಿತ್ತು. ನಾನು ಹತ್ತಿರ ಹೋಗಿ, ಕುಕ್ಕರಗಾಲಲ್ಲಿ ಕೂತು, "ಹೋಗ್ಲಿ ಬುಡು ಮಗ" ಎಂದೆ. ಆ ಮಾತನ್ನು ನಾನು ಜನ್ಮದಲ್ಲಿ ಮೊದಲ ಸಲ ಹೇಳಿದ್ದು.

ಮಗು ನನ್ನ ಮುಖವನ್ನು ಬಹಳ ಹೊತ್ತು ನೋಡಿತು. ಕೈ ಮುಂದಕ್ಕೆ ಬರಲಿಲ್ಲ.

"ಹಂಗಲ್ಲ" ಎಂದಳು. "ದೊಡ್ಡಮ್ಮ ಹೇಳ್ತಿದ್ದಂಗೆ ಹೇಳು."